ಹೋಗುವಾಗ ಅವನಿಗೆ ದೀಕ್ಷಾಸ್ನಾನ ಆಗಿತ್ತೇ?

ಪ್ರಶ್ನೆ: ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋಗಿದ್ದಾಗ, ಆರು ತಿಂಗಳಲ್ಲಿ ಅಲ್ಲಿನ ಲೈಬ್ರರಿಯಿಂದ ಏಳೆಂಟು ಆಮಿಷ್ ಪ್ರೇಮಕಾದಂಬರಿ, ಅಂದರೆ ಅಮೆರಿಕದಲ್ಲಿ ಹಳೆಯ ಕಾಲದಂತೆ ಬದುಕುವ ಆಮಿಷ್ ಎಂಬ ಕ್ರೈಸ್ತ ಪಂಥದವರ ಕತೆ, ತಂದು ಓದಿದೆ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಕತೆ. ಮದುವೆಯಾಗುತ್ತೇನೆಂದು ಮಾತು ಕೊಟ್ಟ ಹುಡುಗ ಒಂದು ರಾತ್ರಿ ಊರು ಬಿಟ್ಟು ಹೋಗುತ್ತಾನೆ. ಎಂಟು ಹತ್ತು ವರ್ಷಕ್ಕೆ ವಾಪಸು ಬರುತ್ತಾನೆ. ಅಷ್ಟರಲ್ಲಿ ಅವಳು ಇನ್ನೊಬ್ಬನನ್ನು ಕಟ್ಟಿಕೊಂಡು, ಗಂಡ ಸತ್ತು, ಎರಡು ಮಕ್ಕಳ ತಾಯಿ. ಕೊನೆಗೆ ಇಬ್ಬರಿಗೂ ಮದುವೆ. ಕಾರು ಕೂಡ ಮುಟ್ಟದಷ್ಟು ಕಟ್ಟುನಿಟ್ಟಿನ ಜನ ಬಿಟ್ಟುಹೋದವನನ್ನು ಇಷ್ಟು ಸುಲಭವಾಗಿ ಸೇರಿಸಿಕೊಳ್ಳುತ್ತಾರೆಯೇ? ವಿಧವೆಗೆ ಮತ್ತೆ ಮದುವೆ ಮಾಡುತ್ತಾರೆಯೇ? ಇಲ್ಲ, ಎಲ್ಲ ಬರೆದವರ ಕಟ್ಟುಕತೆಯೇ?
ಮೈಸೂರಿನ ಓದುಗರೊಬ್ಬರು

ಉತ್ತರ: ಸೇರಿಸಿಕೊಳ್ಳುತ್ತಾರೆ. ಮದುವೆಯನ್ನೂ ಮಾಡುತ್ತಾರೆ. ಕಟ್ಟುಕತೆ ಇರುವುದು ಬೇರೆ ಕಡೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಸಣ್ಣ ತಿದ್ದುಪಡಿ. ಆಮಿಷರು ಕಾರು ಮುಟ್ಟುವುದಿಲ್ಲ ಎಂದಿರಿ. ಕಾರು ಹತ್ತುತ್ತಾರೆ, ಬಾಡಿಗೆ ಕೊಟ್ಟು ದೂರದೂರಿಗೂ ಹೋಗುತ್ತಾರೆ. ಸ್ವಂತಕ್ಕೆ ಇಟ್ಟುಕೊಳ್ಳುವುದಿಲ್ಲ, ಓಡಿಸುವುದಿಲ್ಲ, ಅಷ್ಟೇ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ನೀವು ಓದಿದ ಕಾದಂಬರಿಗಳಲ್ಲಿ ಕನಿಷ್ಠ ಒಂದರಲ್ಲಾದರೂ ನಾಯಕ ಪಿಕಪ್ ಟ್ರಕ್ಕಿನಲ್ಲಿ ವಾಪಸು ಬಂದಿರುತ್ತಾನೆ, ಮಳೆಯಲ್ಲಿ ನೆನೆಯುತ್ತಾ ನಿಂತ ನಾಯಕಿಗೆ ‘ಹತ್ತು, ಮನೆಗೆ ಬಿಡುತ್ತೇನೆ’ ಎಂದಿರುತ್ತಾನೆ. ಪಕ್ಕದ ಮನೆಯ ‘ಇಂಗ್ಲಿಷಿನವರ’ (ಆಮಿಷರಲ್ಲದವರನ್ನು ಅವರು ಕರೆಯುವುದು ಹೀಗೆ) ವ್ಯಾನು ಹತ್ತುವ ಹೆಣ್ಣು ಇವನ ಟ್ರಕ್ಕು ಹತ್ತಬಹುದೇ? ಅದಕ್ಕೆ ಉತ್ತರ ಅವಳ ಮನಸ್ಸಿನಲ್ಲಿಲ್ಲ, ಒಂದು ತಾರೀಖಿನಲ್ಲಿದೆ. ಊರು ಬಿಡುವ ಹೊತ್ತಿಗೆ ಅವನಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ, ಅಂದರೆ ಚರ್ಚಿನ ಸಭೆಗೆ ಸದಸ್ಯನಾಗುವ ವಿಧಿ) ಆಗಿತ್ತೇ, ಇಲ್ಲವೇ? ಈ ಜಾತಿಯ ಯಾವ ಪುಸ್ತಕ ಕೈಗೆತ್ತಿಕೊಂಡರೂ ನಾನು ಮೊದಲು ಹುಡುಕುವುದು ಇದನ್ನೇ.

(ಇನ್ನೊಂದು ಮಾತು. ಕನ್ನಡದಲ್ಲಿ ಈ ಹೆಸರು ಬರೆಯುವಾಗ ಕೊನೆಯ ಅರೆ ಅಕ್ಷರ ಕೈತಪ್ಪಿ ಪೂರ್ತಿಯಾದರೆ ‘ಆಮಿಷ’ ಆಗಿಬಿಡುತ್ತದೆ. ಫೋನು, ಕಾಲೇಜು, ಕರೆಂಟು, ಯಾವ ಆಮಿಷಕ್ಕೂ ಬಗ್ಗದ ಜನಕ್ಕೆ ನಮ್ಮ ಭಾಷೆ ಇಟ್ಟ ಚೇಷ್ಟೆ ಇದು. ಹೆಸರಿನ ಮೂಲ ಯಾಕೋಬ್ ಅಮ್ಮನ್ ಎಂಬಾತ. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆಯ ಅನಾಬ್ಯಾಪ್ಟಿಸ್ಟರು ಒಡೆದು ಎರಡಾದಾಗ ಒಂದು ಬಣದ ಮುಂದಾಳು. ಜಗಳದ ಒಂದು ಮುಖ್ಯ ಕಾರಣ, ಸಭೆ ಬಿಟ್ಟವರನ್ನು ಎಷ್ಟು ದೂರ ಇಡಬೇಕು ಎಂಬುದೇ. ಅಂದರೆ ನಿಮ್ಮ ಪ್ರಶ್ನೆ ಈ ಪಂಥ ಹುಟ್ಟಿದ ದಿನದಿಂದಲೂ ಇದೆ.)

ಅನಾಬ್ಯಾಪ್ಟಿಸ್ಟ್ ಎಂದರೆ ಮರುಸ್ನಾನದವರು. ಹಸುಗೂಸಿಗೆ ಕೊಡುವ ದೀಕ್ಷೆ ದೀಕ್ಷೆಯಲ್ಲ, ತಿಳಿವಳಿಕೆ ಬಂದವನು ತಾನಾಗಿ ಬಂದು ಮಂಡಿಯೂರಬೇಕು ಎನ್ನುವವರು. 16ನೇ ಶತಮಾನದ ಯೂರೋಪಿನಲ್ಲಿ ಈ ಒಂದು ಮಾತಿಗಾಗಿ ಅವರನ್ನು ನೀರಿಗೆ ಮುಳುಗಿಸಿದರು, ಬೆಂಕಿಗೆ ಹಾಕಿದರು. ಆ ಸೆರೆಮನೆಗಳಲ್ಲಿ ಹುಟ್ಟಿದ ಹಾಡುಗಳು ಸೇರಿರುವ ‘ಔಸ್‌ಬುಂಡ್’ ಎಂಬ ಪುಸ್ತಕದಿಂದಲೇ ಇವತ್ತಿಗೂ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಓಹಾಯೋದ ಹೋಮ್ಸ್ ಕೌಂಟಿಯಲ್ಲಿ ಭಾನುವಾರ ಹಾಡುತ್ತಾರೆ. ಹೀಗಿರುವುದರಿಂದ ದೀಕ್ಷಾಸ್ನಾನ ಅವರಿಗೆ ಬರೀ ಶಾಸ್ತ್ರವಲ್ಲ, ಪ್ರತಿಜ್ಞೆ. ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೆರಡರ ನಡುವೆ ತೆಗೆದುಕೊಳ್ಳುತ್ತಾರೆ. ಅದಕ್ಕೆ ಮುಂಚೆ, ಹದಿನಾರರ ಸುಮಾರಿಗೆ, ಹುಡುಗ ಹುಡುಗಿಯರು ತಮ್ಮ ವಯಸ್ಸಿನವರೊಂದಿಗೆ ತಿರುಗಾಡಲು ಶುರುಮಾಡುವ ಕಾಲಕ್ಕೆ ‘ರುಮ್‌ಸ್ಪ್ರಿಂಗಾ’ ಎಂದು ಹೆಸರು. ಆಗ ಅವರು ತಂದೆತಾಯಿಯ ಹಿಡಿತದಲ್ಲಿ ಅಷ್ಟಾಗಿ ಇಲ್ಲ, ಸಭೆಯ ಹಿಡಿತಕ್ಕೆ ಇನ್ನೂ ಬಂದಿಲ್ಲ.

ಈ ಸಂದಿನಲ್ಲಿ ಊರು ಬಿಟ್ಟ ಹುಡುಗ ಯಾವ ಪ್ರತಿಜ್ಞೆಯನ್ನೂ ಮುರಿದಿಲ್ಲ. ಅವನಿಗೆ ಬಹಿಷ್ಕಾರವಿಲ್ಲ. ಅಮ್ಮ ಅಳುತ್ತಾಳೆ, ಅಪ್ಪ ಮಾತು ಬಿಡಬಹುದು, ಆದರೆ ಹಬ್ಬಕ್ಕೆ ಬಂದರೆ ಅದೇ ಮೇಜಿನ ಮೇಲೆ ಊಟ. ಹತ್ತು ವರ್ಷಕ್ಕೆ ಮನಸ್ಸು ಬದಲಾಗಿ ಬಂದರೆ ಸಭೆ ಅವನನ್ನು ಕ್ಷಮಿಸಬೇಕಾದದ್ದೇನೂ ಇಲ್ಲ, ಹೊಸಬನಂತೆ ಸೇರಿಸಿಕೊಳ್ಳುವುದಷ್ಟೇ. ಆದರೆ ಮದುವೆಯಾಗಬೇಕಾದರೆ ಇಬ್ಬರೂ ದೀಕ್ಷೆ ಪಡೆದ ಸದಸ್ಯರಾಗಿರಲೇಬೇಕು. ದೀಕ್ಷೆಗೆ ಮುಂಚೆ ಪಾಠವಿದೆ. 1632ರ ಡಾರ್ಡ್ರೆಕ್ಟ್ ನಿವೇದನೆ ಎಂಬ ನಂಬಿಕೆಗಳ ಪಟ್ಟಿಯ 18 ಕಲಮುಗಳನ್ನು ಬೇಸಿಗೆಯುದ್ದಕ್ಕೂ ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಹೇಳಿಕೊಡುತ್ತಾರೆ. ಶರತ್ಕಾಲದ ಪವಿತ್ರ ಭೋಜನಕ್ಕೆ ಮುಂಚೆ ಸ್ನಾನ. ಆಮೇಲೆ ಸುಗ್ಗಿ ಮುಗಿದು, ಲ್ಯಾಂಕಾಸ್ಟರಿನಲ್ಲಾದರೆ, ನವೆಂಬರಿನ ಮಂಗಳವಾರ ಗುರುವಾರಗಳಲ್ಲಿ ಮದುವೆಗಳ ಸಾಲು. ಈ ಪುಸ್ತಕಗಳಲ್ಲಿ ಎಷ್ಟೋ ಕತೆ ಏಪ್ರಿಲ್‌ನಲ್ಲಿ ಶುರುವಾಗಿ ಚಳಿಗಾಲದ ಹೊಸ್ತಿಲಲ್ಲಿ ಮುಗಿಯುವುದನ್ನು ನೀವು ಗಮನಿಸಿರಬಹುದು. ಆ ಪಂಚಾಂಗ ಲೇಖಕಿಯದಲ್ಲ, ಸಭೆಯದು.

ಸ್ನಾನ ಆಗಿ ಹೋದವನ ಕತೆಯೇ ಬೇರೆ. ಅವನ ಮೇಲೆ ‘ಬಾನ್’, ಅಂದರೆ ಸಭೆಯಿಂದ ಬಹಿಷ್ಕಾರ, ಅದರ ಬೆನ್ನಿಗೆ ‘ಮೈಡುಂಗ್’, ಅಂದರೆ ದೂರವಿಡುವುದು. ಕನ್ನಡದ ಓದುಗರು ಇದನ್ನು ಓದಿದ ಕೂಡಲೇ ನಮ್ಮ ಘಟಶ್ರಾದ್ಧವನ್ನು ನೆನೆಯುತ್ತಾರೆ. ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಸರಿ. ಘಟಶ್ರಾದ್ಧದಲ್ಲಿ ಬದುಕಿರುವವರಿಗೆ ತಿಥಿ ಮಾಡಿ ಲೆಕ್ಕ ಚುಕ್ತಾ ಮಾಡುತ್ತಾರೆ, ಸತ್ತವರು ತಿರುಗಿ ಬರುವಂತಿಲ್ಲ. ಮೈಡುಂಗ್‌ನ ಉದ್ದೇಶವೇ ತಿರುಗಿ ಬರಲಿ ಎಂಬುದು. ಬಾಗಿಲು ಹಾಕಿಕೊಳ್ಳುತ್ತಾರೆ, ಅಗಳಿ ಹಾಕುವುದಿಲ್ಲ. ಮಾತಾಡಬಹುದು, ಕಾಯಿಲೆ ಬಿದ್ದರೆ ನೋಡಿಕೊಳ್ಳಬಹುದು. ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಅವನ ಗಾಡಿ ಹತ್ತುವಂತಿಲ್ಲ. ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಎಷ್ಟು ಬಿಗಿ ಎಂಬುದು ಊರಿಂದ ಊರಿಗೆ ಬೇರೆ. ಇಪ್ಪತ್ತು ಮೂವತ್ತು ಮನೆಗಳ ಒಂದೊಂದು ಸಭೆಯೂ ತನ್ನ ಕಟ್ಟಳೆಗಳ ‘ಆರ್ಡ್‌ನುಂಗ್’ ತಾನೇ ನಿರ್ಧರಿಸಿಕೊಳ್ಳುತ್ತದೆ.

ಕೈಯಿಂದ ತೆಗೆದುಕೊಳ್ಳುವಂತಿಲ್ಲ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಗ ಬಂದಿದ್ದಾನೆ, ಅಮ್ಮನಿಗೆ ಒಂದು ಲೋಟ ಕಾಫಿ ಕೊಡಬೇಕು. ಅವನು ಲೋಟವನ್ನು ಮೇಜಿನ ಮೇಲಿಡುತ್ತಾನೆ, ಕೈ ಹಿಂದಕ್ಕೆ ತೆಗೆಯುತ್ತಾನೆ, ಆಮೇಲೆ ಅವಳು ಎತ್ತಿಕೊಳ್ಳುತ್ತಾಳೆ. ಊಟಕ್ಕೆ ಎರಡು ಮೇಜುಗಳನ್ನು ನಡುವೆ ನಾಲ್ಕು ಬೆರಳು ಬಿಟ್ಟು ಜೋಡಿಸಿ ಮೇಲೆ ಒಂದೇ ಹಾಸುಬಟ್ಟೆ ಹೊದಿಸುವುದುಂಟು. ನೋಡುವವರಿಗೆ ಒಂದೇ ಮೇಜು, ಕಟ್ಟಳೆಗೆ ಎರಡು. ಮುದ್ದಾಟವನ್ನು ಬರೆಯಲು ಪ್ರಕಾಶಕರೇ ಬಿಡದ ಈ ಪ್ರಕಾರದಲ್ಲಿ ಇದಕ್ಕಿಂತ ದೊಡ್ಡ ನಿಧಿ ಇನ್ನೇನು ಬೇಕು? ಇನ್ನೂರು ಪುಟ ಲೋಟ ಮೇಜಿನ ಮೇಲೆ ಇಡಿಸಿ, ಬಾನ್ ಎತ್ತಿದ ಮರುದಿನ ಅವನ ಕೈಯಿಂದ ಅವಳ ಕೈಗೆ ದಾಟಿಸಿದರೆ ಸಾಕು, ಅಲ್ಲಿಗೆ ಶೃಂಗಾರ ಮುಗಿಯಿತು. ಹೀಗಿದ್ದೂ ಎಷ್ಟೋ ಕಾದಂಬರಿಗಳಲ್ಲಿ ಬಹಿಷ್ಕೃತ ನಾಯಕ ಎರಡನೇ ಅಧ್ಯಾಯದಲ್ಲೇ ನಾಯಕಿಯ ಕೈಗೆ ನಿಂಬೆ ಶರಬತ್ತು ಕೊಡುತ್ತಾನೆ. ಅಲ್ಲಿಗೆ ನಾನು ಪುಸ್ತಕ ಮುಚ್ಚುತ್ತೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಸೇರಿಸಿಕೊಳ್ಳುವುದು ಅಷ್ಟು ಸುಲಭವೇ ಎಂಬುದು.

ದಾರಿ ಗೊತ್ತಿರುವಂಥದ್ದು. ಬಂದವನು ಹಿರಿಯರನ್ನು ಕಾಣಬೇಕು, ಟ್ರಕ್ಕು ಮಾರಬೇಕು, ಬಟ್ಟೆ ಬದಲಿಸಬೇಕು, ಒಂದಷ್ಟು ಕಾಲ ತಲೆ ತಗ್ಗಿಸಿ ಆರಾಧನೆಗೆ ಬರಬೇಕು. ಕೊನೆಗೊಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನೂ ದೀಕ್ಷೆಯಾಗದವರನ್ನೂ ಹೊರಗೆ ಕಳಿಸಿ ಸದಸ್ಯರಷ್ಟೇ ಉಳಿಯುತ್ತಾರೆ. ಅವನು ಎಲ್ಲರೆದುರು ಮಂಡಿಯೂರಿ ತಪ್ಪೊಪ್ಪಿಕೊಳ್ಳುತ್ತಾನೆ. ಸೇರಿಸಿಕೊಳ್ಳೋಣವೇ ಎಂದು ಸಭೆಯನ್ನು ಕೇಳಬೇಕು. ಬೋಧಕರು ಗಂಡಸರ ಸಾಲಿನಲ್ಲಿ, ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರ ಅಭಿಪ್ರಾಯ ಕೇಳುತ್ತಾ ಹೋಗುತ್ತಾರೆ. ಒಪ್ಪಿಗೆಯಾದರೆ ಬಿಷಪ್ ಅವನ ಕೈ ಹಿಡಿದು ಎಬ್ಬಿಸಿ, ಪವಿತ್ರ ಮುತ್ತು ಕೊಟ್ಟು ಸಹೋದರ ಎನ್ನುತ್ತಾರೆ. ಊರಲ್ಲೇ ಇದ್ದು ದೊಡ್ಡ ತಪ್ಪು ಮಾಡಿ ಒಪ್ಪಿಕೊಂಡ ಸದಸ್ಯರಿಗಾದರೆ ದೂರವಿಡುವ ಅವಧಿ ಸಾಮಾನ್ಯವಾಗಿ ಆರು ವಾರ. ಅಲ್ಲಿಗೆ ವಿಷಯ ಮುಗಿಯಿತು. ನಿಜವಾಗಿಯೂ ಮುಗಿಯಿತು. ಆಮೇಲೆ ಆ ಮಾತು ಎತ್ತುವುದೇ ತಪ್ಪು. ಒಪ್ಪಿಕೊಂಡು ಕ್ಷಮಿಸಲ್ಪಟ್ಟ ಪಾಪವನ್ನು ಕೆದಕಿದವರೇ ಹಿರಿಯರೆದುರು ನಿಲ್ಲಬೇಕಾಗಬಹುದು.

ಈಗ ಹೆಂಗಸರ ಸಾಲಿನ ಕಡೆ ತಿರುಗಿ. ಅಲ್ಲಿ ಅವಳೂ ಕೂತಿದ್ದಾಳೆ. ಆಮಿಷ್ ಹೆಂಗಸರು ಬೋಧಕರಾಗುವಂತಿಲ್ಲ, ಆದರೆ ಸಭೆಯ ತೀರ್ಮಾನಗಳಲ್ಲಿ ಅವರಿಗೆ ಮತವಿದೆ. ಎಂಟು ವರ್ಷದ ಹಿಂದೆ ಮಾತು ಮುರಿದು ಹೋದವನನ್ನು ಒಳಗೆ ಸೇರಿಸಿಕೊಳ್ಳಲು ಅವಳ ‘ಯಾ’ (ಹೌದು) ಕೂಡ ಬೇಕು. ಒಮ್ಮತ ಬೇಕೆನ್ನುವ ಸಭೆಯಲ್ಲಿ ಒಬ್ಬಳು ಮಾತ್ರ ಒಲ್ಲೆ ಎನ್ನುವುದು ಎಷ್ಟು ಕಷ್ಟವೆಂದು ನಮ್ಮ ಹಳ್ಳಿಯ ನ್ಯಾಯಪಂಚಾಯ್ತಿ ಕಂಡವರಿಗೆ ಹೇಳಬೇಕಿಲ್ಲ. ಅವಳು ‘ಯಾ’ ಎನ್ನುತ್ತಾಳೆ. ಎಂದ ಮೇಲೆ ಅವಳಿಗೆ ಸಿಟ್ಟು ಮಾಡುವ ಹಕ್ಕೂ ಹೋಯಿತು. ಸೋಮವಾರ ಬೆಳಿಗ್ಗೆ ಅವನು ಹಾಲಿನ ಕ್ಯಾನು ಹೊತ್ತು ಎದುರಿಗೆ ಬಂದರೆ ‘ಯಾಕೆ ಹೋದೆ?’ ಎಂದು ಕೇಳುವುದೂ ಕೆದಕಿದಂತೆ.

ಇಲ್ಲಿದೆ ನೋಡಿ ಕತೆ. ಸಭೆಯ ಕ್ಷಮೆಗೆ ದಿನ, ವಾರ, ಮುಹೂರ್ತ ಇದೆ. ಅವಳ ಕ್ಷಮೆಗೆ ಇಲ್ಲ. ಬಾಯಿ ಮುಂದೆ ಹೋಗಿದೆ, ಎದೆ ಹಿಂದೆ ಉಳಿದಿದೆ. ಒಳ್ಳೆಯ ಲೇಖಕಿಯ ಕೆಲಸವಿರುವುದು ಈ ಎರಡರ ನಡುವಿನ ದೂರವನ್ನು ನಡೆದು ತೋರಿಸುವುದರಲ್ಲಿ. ನೀವು ‘ಸುಲಭ’ ಎಂದದ್ದು ಸಭೆಯ ಮಟ್ಟಿಗೆ ಅರ್ಧ ನಿಜ, ಅವಳ ಮಟ್ಟಿಗೆ ಸುಳ್ಳು.

ಇದು ನನ್ನ ಸಾಹಿತ್ಯದ ಲೆಕ್ಕಾಚಾರ ಮಾತ್ರವಲ್ಲ. 2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಕೌಂಟಿಯ ನಿಕಲ್ ಮೈನ್ಸ್‌ನಲ್ಲಿ ಹೊರಗಿನವನೊಬ್ಬ ಆಮಿಷ್ ಶಾಲೆಗೆ ನುಗ್ಗಿ ಹತ್ತು ಹೆಣ್ಣುಮಕ್ಕಳಿಗೆ ಗುಂಡು ಹೊಡೆದ. ಐವರು ಸತ್ತರು, ಅವನೂ ಗುಂಡಿಕ್ಕಿಕೊಂಡ. ಆ ದಿನವೇ ಆಮಿಷ್ ನೆರೆಯವರು ಅವನ ಹೆಂಡತಿಯ ಕಡೆಯವರನ್ನು ಕಂಡು ಕ್ಷಮಿಸಿದ್ದೇವೆ ಎಂದರು, ಅವನ ಅಂತ್ಯಕ್ರಿಯೆಗೂ ಹೋದರು. ಜಗತ್ತು ಬೆರಗಾಯಿತು. ಆದರೆ ಅವರ ಜೊತೆ ಕೂತು ಮಾತಾಡಿದ ಸಂಶೋಧಕರು ಕಂಡದ್ದು ಎರಡು ಮೆಟ್ಟಿಲು. ಸೇಡು ಬಿಟ್ಟೆ ಎಂಬ ತೀರ್ಮಾನ ಒಂದೇ ದಿನದ್ದು. ಒಳಗಿನ ಉರಿ ಆರುವುದು ವರ್ಷಗಟ್ಟಲೆಯ ಕೆಲಸ, ಬೆಳಗಾದರೆ ಮತ್ತೆ ಮೊದಲಿನಿಂದ. ಇಷ್ಟು ದೊಡ್ಡ ದುಃಖವನ್ನು ಪ್ರೇಮಕಾದಂಬರಿಯ ಪಕ್ಕ ಇಡಲು ಸಂಕೋಚವಾಗುತ್ತದೆ, ಆದರೂ ವ್ಯವಸ್ಥೆ ಅದೇ.

ವಿಧವೆಯ ವಿಷಯಕ್ಕೆ ಬರೋಣ. ಇಲ್ಲಿ ನಾವು ನಮ್ಮ ಕಣ್ಣಿನಿಂದ ನೋಡಿ ಮೋಸ ಹೋಗುತ್ತೇವೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಬಂದಾಗ ವಿಧವೆ ಮತ್ತೆ ಮದುವೆಯಾಗುವುದೇ ದೊಡ್ಡ ಹೋರಾಟ. ಆಮಿಷರಲ್ಲಿ ಆ ಹೋರಾಟವೇ ಇಲ್ಲ. ಗಂಡ ಸತ್ತರೆ ಹೆಣ್ಣಿಗೆ ಕಳಂಕವಿಲ್ಲ, ಅಪಶಕುನವಿಲ್ಲ. ಸುಮಾರು ಒಂದು ವರ್ಷ ಕಪ್ಪು ಉಡುಪು, ಅದು ಮುಗಿದ ಮೇಲೆ ಯಾರಾದರೂ ಕೇಳಿದರೆ ಸಂತೋಷ. ಹೊಲ, ದನ, ಐದಾರು ಮಕ್ಕಳು ಇರುವ ಮನೆಗೆ ಇನ್ನೊಂದು ಜೋಡಿ ಕೈ ಬೇಕೇ ಬೇಕು ಎಂಬುದು ಸಭೆಯ ವ್ಯವಹಾರಜ್ಞಾನ. ಇಂಥ ಮದುವೆಗೆ ನವೆಂಬರನ್ನು ಕಾಯಬೇಕಿಲ್ಲ, ಮುನ್ನೂರು ಜನರೂ ಬೇಕಿಲ್ಲ, ಮೊದಲ ಮದುವೆಯ ಸಡಗರವೂ ಇಲ್ಲ.

ಹಾಗಾದರೆ ಕಾದಂಬರಿಗಳಲ್ಲಿ ಇಷ್ಟೊಂದು ವಿಧವೆಯರು ಏಕೆ? ವಿಚ್ಛೇದನ ಇಲ್ಲ, ಅದಕ್ಕೆ. ಗಂಡ ಬಿಟ್ಟು ಓಡಿಹೋದರೂ ಅವನು ಬದುಕಿರುವ ತನಕ ಅವಳು ಇನ್ನೊಬ್ಬನನ್ನು ಕಟ್ಟಿಕೊಳ್ಳುವಂತಿಲ್ಲ. ಬೇರೆ ಪ್ರೇಮಕಾದಂಬರಿಗಳಲ್ಲಿ ಎರಡನೇ ಅವಕಾಶ ಎಂದರೆ ಮುರಿದ ಸಂಸಾರ ಕಳೆದು ಹಳೆಯ ಗೆಳೆಯ ಸಿಗುವುದು. ಇಲ್ಲಿ ಆ ಬಾಗಿಲು ಮುಚ್ಚಿರುವುದರಿಂದ ಲೇಖಕಿಗೆ ಒಂದೇ ದಾರಿ, ಮೊದಲ ಗಂಡನನ್ನು ಸಾಯಿಸಬೇಕು. ಕೊಟ್ಟಿಗೆಯ ಅಟ್ಟದಿಂದ ಬೀಳುತ್ತಾನೆ, ಮರ ಕಡಿಯುವಾಗ ಕೊಂಬೆ ಮೈಮೇಲೆ ಬೀಳುತ್ತದೆ, ರಾತ್ರಿ ಲಾರಿ ಬಂದು ಅವನ ಕುದುರೆಗಾಡಿಗೆ (ಬಗ್ಗಿಗೆ) ಗುದ್ದುತ್ತದೆ. ಕೊನೆಯದು ನಿಜಜೀವನದಲ್ಲೂ ಆಗುವಂಥದ್ದೇ. ಒಟ್ಟಿನಲ್ಲಿ ಈ ಪ್ರಕಾರದಲ್ಲಿ ಮೊದಲ ಗಂಡಂದಿರ ಆಯುಸ್ಸು ಬಹಳ ಕಡಿಮೆ. ಅವರಿಗೆ ಗುಣವೂ ಕಡಿಮೆ ಎಂಬುದು ನನ್ನ ದೂರು. ಹೊಸ ಪ್ರೇಮಕ್ಕೆ ಜಾಗ ಮಾಡಲು ಸತ್ತವನನ್ನು ಒರಟನನ್ನಾಗಿಸುವುದು ಸೋಮಾರಿತನ. ಒಳ್ಳೆಯ ಗಂಡನಿದ್ದ, ಅವಳು ಅವನನ್ನು ಪ್ರೀತಿಸಿದ್ದಳು, ಆದರೂ ಹಳೆಯವನು ಬಂದಾಗ ಎದೆ ಹಾರಿತು ಎಂದು ಬರೆಯಲು ಧೈರ್ಯ ಬೇಕು.

ಲ್ಯಾಂಕಾಸ್ಟರಿನ ಕಡೆ ಒಂದು ಪದ್ಧತಿ ಇದೆ. ಮದುವೆಯ ದಿನ ಹುಡುಗಿ ಉಡುವ ಬಿಳಿಯ ಏಪ್ರನ್ನು ಮತ್ತು ಹೆಗಲವಸ್ತ್ರವನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮತ್ತೆ ಅದು ಹೊರಗೆ ಬರುವುದು ಅವಳ ಹೆಣಕ್ಕೆ ಉಡಿಸಲು. ಎರಡನೇ ಮದುವೆಗೆ ಹೊರಟಿರುವ ವಿಧವೆಯ ಪೆಟ್ಟಿಗೆಯ ತಳದಲ್ಲಿ ಮೊದಲನೆಯವನನ್ನು ಮದುವೆಯಾದ ದಿನದ ಆ ಬಿಳಿ ಬಟ್ಟೆ ಇದೆ, ಮಣ್ಣಿಗೆ ಹೋಗುವಾಗ ಅದನ್ನೇ ಉಟ್ಟು ಹೋಗಬೇಕು ಎಂಬುದು ಅವಳಿಗೆ ಗೊತ್ತು. ಒಬ್ಬ ಕಾದಂಬರಿಕಾರ್ತಿಗೆ ಇಷ್ಟು ಸಾಕಲ್ಲವೇ? ನಾನು ಓದಿದವುಗಳಲ್ಲಿ ಅದನ್ನು ಸರಿಯಾಗಿ ಮುಟ್ಟಿದವರು ಕಡಿಮೆ.

ಇನ್ನು ಕಟ್ಟುಕತೆಯ ಭಾಗ. ಇವತ್ತಿನ ಆಮಿಷ್ ಕಾದಂಬರಿಗಳ ಅಲೆ ಎದ್ದದ್ದು 1997ರಲ್ಲಿ ಬೆಥನಿ ಹೌಸ್ ಎಂಬ ಕ್ರೈಸ್ತ ಪ್ರಕಾಶನ ಹೊರತಂದ ಬೆವರ್ಲಿ ಲೂಯಿಸ್ ಅವರ ‘ದಿ ಶನ್ನಿಂಗ್’ನಿಂದ. ಎರಡನೇ ಅವಕಾಶದ ಬೀಜವೂ ಅಲ್ಲೇ ಇದೆ. ದೋಣಿ ಅಪಘಾತದಲ್ಲಿ ಮುಳುಗಿ ಸತ್ತನೆಂದು ಎಲ್ಲರೂ ನಂಬಿದ ಮೊದಲ ಪ್ರೇಮಿ ಬದುಕಿರುತ್ತಾನೆ. ಅಲ್ಲಿಂದೀಚೆಗೆ ಬರೆದವರಲ್ಲಿ ಹೆಚ್ಚಿನವರು ಆಮಿಷರಲ್ಲ, ಹೊರಗಿನ ಇವ್ಯಾಂಜೆಲಿಕಲ್ ಕ್ರೈಸ್ತರು. ಹೀಗಾಗಿ ಒಂದು ಜಾಗದಲ್ಲಿ ಕತೆ ಜಾರುತ್ತದೆ. ಇವ್ಯಾಂಜೆಲಿಕಲ್ ಕಣ್ಣಿಗೆ ಕ್ಷಮೆ ಎಂದರೆ ಒಬ್ಬ ಮನುಷ್ಯ, ಒಬ್ಬ ದೇವರು, ನಡುವೆ ಯಾರೂ ಇಲ್ಲ. ನಾಯಕ ಗೋದಿ ಹೊಲದ ನಡುವೆ ಒಂಟಿಯಾಗಿ ಪ್ರಾರ್ಥಿಸುತ್ತಾನೆ, ಎದೆ ಹಗುರಾಗುತ್ತದೆ, ಮುಗಿಯಿತು. ಆಮಿಷರ ಲೆಕ್ಕದಲ್ಲಿ ಹೊಲದ ಪ್ರಾರ್ಥನೆ ಬರೀ ಮುನ್ನುಡಿ. ಸಭೆಯ ಮುಂದೆ ಮಂಡಿ ನೆಲಕ್ಕೆ ತಾಗಬೇಕು. ‘ಗೆಲಾಸೆನ್‌ಹೈಟ್’ ಎಂದು ಅವರು ಕರೆಯುವ, ತನ್ನನ್ನು ತಾನು ಬಿಟ್ಟುಕೊಡುವ ಗುಣಕ್ಕೆ ಈ ಕಾದಂಬರಿಗಳಲ್ಲಿ ಮಾತಿನ ಮರ್ಯಾದೆ ಇದೆ, ನಡವಳಿಕೆಯಲ್ಲಿ ಇಲ್ಲ.

ಬಿಷಪ್ಪನನ್ನು ಖಳನಾಯಕ ಮಾಡುವುದು ಇನ್ನೊಂದು ಚಾಳಿ. ಅವರ ಬಿಷಪ್ ಸಂಬಳವಿಲ್ಲದ ರೈತ ಅಥವಾ ಬಡಗಿ, ಚೀಟಿ ಎತ್ತಿ ಆರಿಸಿದವನು. ಹಾಡಿನ ಪುಸ್ತಕಗಳ ಸಾಲಿನಲ್ಲಿ ಒಂದರೊಳಗೆ ಚೀಟಿ ಇಟ್ಟಿರುತ್ತಾರೆ, ಅದು ಯಾರ ಕೈಗೆ ಬಂತೋ ಅವನ ಹೆಗಲಿಗೆ ಹೊರೆ. ಎಷ್ಟೋ ಮನೆಗಳಲ್ಲಿ ಅವತ್ತು ಅಳು. ಅಂಥವನು ಪಾಳೆಯಗಾರನಂತೆ ಒಬ್ಬನೇ ಕೂತು ‘ಈ ಮದುವೆ ನಡೆಯದು’ ಎಂದು ಗುಡುಗಿದರೆ, ಲೇಖಕಿ ಲ್ಯಾಂಕಾಸ್ಟರನ್ನು ಪ್ರವಾಸಿ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದಾಳೆ ಎಂದುಕೊಳ್ಳಿ. ಹೋಮ್ಸ್ ಕೌಂಟಿಯಲ್ಲಿ ಬೂದು ಬಗ್ಗಿ ಓಡಿಸಿದರೂ ಹಾಗೆಯೇ. ಬೂದು ಲ್ಯಾಂಕಾಸ್ಟರಿನದು, ಓಹಾಯೋದ್ದು ಕಪ್ಪು.

ಗಡ್ಡವನ್ನೂ ನೋಡಿ. ಲ್ಯಾಂಕಾಸ್ಟರಿನಲ್ಲಿ ಗಂಡಸು ಮದುವೆಯಾದ ಮೇಲೆ ಗಡ್ಡ ಬಿಡುತ್ತಾನೆ, ಮೀಸೆ ಎಂದೂ ಇಲ್ಲ. ಹತ್ತು ವರ್ಷಕ್ಕೆ ವಾಪಸು ಬಂದವನನ್ನು ಕಂಡ ಹೆಣ್ಣು ಮೊದಲು ನೋಡುವುದು ಕಣ್ಣನ್ನಲ್ಲ, ಗಲ್ಲವನ್ನು. ಮೂವತ್ತು ದಾಟಿದ ಬೋಳು ಗಲ್ಲ ಒಂದೇ ನೋಟದಲ್ಲಿ ಅವಳಿಗೆ ಬೇಕಾದ ಸುದ್ದಿ ಹೇಳಿಬಿಡುತ್ತದೆ.

ಒಳಗಿನವರು ಬರೆದದ್ದು ಓದಬೇಕೆಂದರೆ ಲಿಂಡಾ ಬೈಲರ್ ಅವರನ್ನು ಹುಡುಕಿ. ಆಮಿಷ್ ಸಭೆಯ ಸದಸ್ಯೆ, ಪೆನ್ಸಿಲ್ವೇನಿಯಾದವರು. ಅವರ ಹೆಣ್ಣುಗಳು ಸಿಡುಕುತ್ತಾರೆ, ತಿಂಡಿ ಕದ್ದು ತಿನ್ನುತ್ತಾರೆ, ಮುನಿಸಿಕೊಳ್ಳುತ್ತಾರೆ. ಹೊರಗಿನವರ ಪುಸ್ತಕದ ಪ್ರಾರ್ಥನಾಮೂರ್ತಿಗಳಂತೆ ಇರುವುದಿಲ್ಲ.

ಇನ್ನು ಮುಂದಿನ ಸಲ ನ್ಯೂಜೆರ್ಸಿಯ ಲೈಬ್ರರಿಗೆ ಹೋದಾಗ ಹೀಗೆ ಮಾಡಿ. ಮುಖಪುಟದ ಬಾನೆಟ್ಟು ಟೋಪಿ, ಸೂರ್ಯಾಸ್ತ ಎಲ್ಲ ಬಿಡಿ. ಪುಟ ತಿರುವಿ ಅವನು ಮಂಡಿಯೂರುವ ಜಾಗ ಹುಡುಕಿ. ದೀಕ್ಷೆಗಾದರೂ ಸರಿ, ತಪ್ಪೊಪ್ಪಿಗೆಗಾದರೂ ಸರಿ, ಎಲ್ಲೋ ಒಂದು ಕಡೆ ಊರಲೇಬೇಕು. ಅಲ್ಲಿಂದ ಮದುವೆಯ ಊಟದ ಸೆಲರಿ ಪಲ್ಯದವರೆಗೆ ಎಷ್ಟು ಪುಟ ಇದೆ ಎಣಿಸಿ. ಐವತ್ತಿದ್ದರೆ ಮನೆಗೆ ತನ್ನಿ. ಐದಿದ್ದರೆ ಕಪಾಟಿಗೆ ವಾಪಸು ಇಡಿ.